ಸೈನಿಕರ ಮಕ್ಕಳು ಬಂದ ದಿನವೇ ತರಗತಿಯಲ್ಲಿ ಕೂರಲಿ

ಮಾನ್ಯ ಸಂಪಾದಕರೇ,

ನನ್ನ ಗಂಡ ಸೈನ್ಯದಲ್ಲಿ ಹವಾಲ್ದಾರ್. ನಾಲ್ಕನೇ ತರಗತಿಗೆ ಬರುವಷ್ಟರಲ್ಲಿ ನಮ್ಮ ಮಗಳು ಮೂರು ಶಾಲೆ ಕಂಡಿದ್ದಾಳೆ. ಪಠಾಣ್‌ಕೋಟ್, ಜೋಧಪುರ, ಈಗ ಬೈಲಹೊಂಗಲ ತಾಲ್ಲೂಕಿನ ನಮ್ಮ ಊರು. ಮೊದಲೆರಡೂ ಕೇಂದ್ರೀಯ ವಿದ್ಯಾಲಯ. ಒಂದರಿಂದ ಇನ್ನೊಂದಕ್ಕೆ ಹೋದಾಗ ಅಷ್ಟೇನೂ ಕಷ್ಟ ಆಗಲಿಲ್ಲ. ಅದೇ ಪುಸ್ತಕ, ಅದೇ ಯೂನಿಫಾರ್ಮ್. 1963ರಲ್ಲಿ 20 ರೆಜಿಮೆಂಟಲ್ ಶಾಲೆಗಳೊಂದಿಗೆ ಆ ವ್ಯವಸ್ಥೆ ಶುರುವಾಗಿದ್ದೇ ವರ್ಗವಾಗಿ ಹೋಗುವವರ ಮಕ್ಕಳಿಗಾಗಿ.

ಆದರೆ ಫೀಲ್ಡ್ ಪೋಸ್ಟಿಂಗ್, ಅಂದರೆ ಗಡಿಯಂಥ ಕಡೆಗೆ ವರ್ಗ, ಬಂದರೆ ಮನೆಯವರು ಜೊತೆಗೆ ಹೋಗುವಂತಿಲ್ಲ. ಕ್ವಾರ್ಟರ್ಸ್ ಬಿಡಬೇಕು. ಆಗ ಹೆಚ್ಚಿನವರು ನನ್ನ ಹಾಗೆ ಗಂಡನ ಊರಿಗೋ ತವರಿಗೋ ಬರುತ್ತಾರೆ. ಕೇಂದ್ರೀಯ ವಿದ್ಯಾಲಯ, ಆರ್ಮಿ ಪಬ್ಲಿಕ್ ಸ್ಕೂಲ್ ಹೆಚ್ಚಾಗಿ ದೊಡ್ಡ ಊರಿನಲ್ಲಿ, ದಂಡು ಪ್ರದೇಶದಲ್ಲಿ. ನಾಲ್ಕನೇ ತರಗತಿ ಮಗು ಹಳ್ಳಿಯಿಂದ ದಿನಾ ಬೆಳಗಾವಿಗೆ ಹೋಗಿ ಬರಲು ಆಗುತ್ತದಾ? ಹಾಗಾಗಿ ಊರ ಶಾಲೆಯೇ ಗತಿ.

ನಾವು ಬಂದದ್ದು ನವೆಂಬರ್‌ನಲ್ಲಿ. ಹತ್ತಿರದ ಒಂದು ಅನುದಾನಿತ ಶಾಲೆಗೆ ಹೋದೆ. ಟಿಸಿ ಮೇಲೆ ಅಲ್ಲಿನ ಶಿಕ್ಷಣ ಅಧಿಕಾರಿಯ ಕೌಂಟರ್ ಸೈನ್ ಇಲ್ಲ, ತನ್ನಿ ಎಂದರು. ಜೋಧಪುರ ಇಲ್ಲಿಂದ ಎಷ್ಟು ದೂರ, ಅಲ್ವಾ? ಗಂಡ ಇರುವ ಕಡೆ ಫೋನ್ ಸಿಗುವುದೇ ವಾರಕ್ಕೊಮ್ಮೆ. ಆಮೇಲೆ ಎಸ್‌ಎಟಿಎಸ್ ನಂಬರ್, ಅಂದರೆ ಕರ್ನಾಟಕದ ಶಾಲಾ ಮಕ್ಕಳ ಆನ್‌ಲೈನ್ ದಾಖಲೆಯ ನಂಬರ್, ಇಲ್ಲ ಎಂದರು. ಬೇರೆ ರಾಜ್ಯದಿಂದ ಬಂದ ಮಗುವಿಗೆ ಆ ನಂಬರ್ ಮೊದಲೇ ಇರುವುದಿಲ್ಲ, ಇಲ್ಲಿನ ಶಾಲೆಯೇ ಮಾಡಿಸಬೇಕು. ಹೀಗೆ ಹತ್ತೊಂಬತ್ತು ದಿನ ನನ್ನ ಮಗಳು ಮನೆಯ ಕಟ್ಟೆ ಮೇಲೆ ಕೂತು ಬೇರೆ ಮಕ್ಕಳು ಶಾಲೆಗೆ ಹೋಗುವುದನ್ನು ನೋಡಿದಳು.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಇದಕ್ಕೇ ಇದೆ ಎಂದು ನನಗೆ ತಿಳಿದದ್ದು ಆಮೇಲೆ. ಎಂಟನೇ ತರಗತಿಯವರೆಗಿನ ಮಗು ಬೇರೆ ರಾಜ್ಯದಿಂದ ಬಂದರೂ, ಟಿಸಿ ತಡವಾಯಿತು ಎಂದು ಸರ್ಕಾರಿ, ಅನುದಾನಿತ ಶಾಲೆಗಳು ಪ್ರವೇಶ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಕಾನೂನು ಇಷ್ಟು ಸ್ಪಷ್ಟವಾಗಿದೆ. ಶಾಲೆಯ ಕಚೇರಿಯಲ್ಲಿ ಕೂತವರಿಗೆ ಅದನ್ನು ಯಾರೂ ಹೇಳಿಲ್ಲ. ಅಮೆರಿಕದಲ್ಲಿ ಸೈನಿಕರ ಮಕ್ಕಳಿಗೆಂದೇ ರಾಜ್ಯಗಳ ನಡುವೆ ಒಂದು ಒಪ್ಪಂದವಿದೆ, 50 ರಾಜ್ಯಗಳೂ ಅದಕ್ಕೆ ಸೇರಿವೆ. ಅಲ್ಲಿ ಮೊದಲು ಮಗುವನ್ನು ತರಗತಿಗೆ ಸೇರಿಸುತ್ತಾರೆ, ಪೂರ್ತಿ ದಾಖಲೆ ಆಮೇಲೆ ಬರುತ್ತದೆ.

ಕೊನೆಗೆ ಊರಿನ ಸರ್ಕಾರಿ ಶಾಲೆಯ ಮೇಡಂ ಒಬ್ಬರು ನಾನು ಹೋದ ದಿನವೇ ಅವಳನ್ನು ಒಳಗೆ ಕೂರಿಸಿಕೊಂಡರು. ಅವರ ಋಣ ದೊಡ್ಡದು.

ಇನ್ನೊಂದು ತೊಡಕು ಕನ್ನಡದ್ದು. ನಾವು ಕನ್ನಡದವರೇ. ಮನೆಯಲ್ಲಿ ಅವಳು ಚೆಂದ ಕನ್ನಡ ಮಾತಾಡುತ್ತಾಳೆ, ಆದರೆ ಓದಿದ್ದೆಲ್ಲ ಹಿಂದಿ, ಇಂಗ್ಲಿಷ್. ಅಕ್ಷರ ಬರೆಯಲು ಬರುವುದಿಲ್ಲ. ತರಗತಿಯ ಮಕ್ಕಳು 'ಹಿಂದಿಯವಳು' ಎಂದು ಕರೆದರು. ಜೋಧಪುರದಲ್ಲಿ ಅವಳನ್ನು ಮದ್ರಾಸಿ ಎನ್ನುತ್ತಿದ್ದರು. ತನ್ನ ಊರಿಗೆ ಬಂದ ಮೇಲೂ ಹೊರಗಿನವಳೇ ಆದಳು. ಒಂದು ತಿಂಗಳು ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲ.

ಆಗಲೂ ಕೈ ಹಿಡಿದದ್ದು ಅದೇ ಮೇಡಂ. ದಿನಾ ಒಂದು ತಾಸು ಅವಳನ್ನು, ಚಿಕ್ಕ ಮಕ್ಕಳಿಗೆ ಕಾರ್ಡುಗಳಿಂದ ಆಡುತ್ತಾ ಕಲಿಸುವ ನಲಿಕಲಿ ಕೋಣೆಯಲ್ಲಿ ಒಂದನೇ ತರಗತಿಯ ಚಿಕ್ಕವರ ಜೊತೆ ಕೂರಿಸಿದರು. ನಲಿಕಲಿಯಲ್ಲಿ ಅಆಇಈ ಎಂದು ಶುರುಮಾಡುವುದಿಲ್ಲ. ರ, ಗ, ಸ, ದ, ಅ ಎಂದು ಸುಲಭದ ಅಕ್ಷರ ಮೊದಲು. ಐದು ಅಕ್ಷರ ಬಂದರೆ ಸಾಕು, ಅರಸ, ಸರ, ಗರಗಸ ಎಂದು ಓದಬಹುದು. ಚಿಕ್ಕವರಿಗೆ ಅಕ್ಕ ಸಿಕ್ಕಳು, ಇವಳಿಗೆ ನಾಚಿಕೆ ಹೋಯಿತು. ಯುಗಾದಿ ಹೊತ್ತಿಗೆ ಅಪ್ಪನಿಗೆ ಕನ್ನಡದಲ್ಲಿ ನಾಲ್ಕು ಸಾಲಿನ ಕಾಗದ ಬರೆದಳು. ತಪ್ಪು ಜಾಸ್ತಿ ಇತ್ತು. ಅವರು ಅದನ್ನು ಪಾಕೆಟ್‌ನಲ್ಲೇ ಇಟ್ಟುಕೊಂಡಿದ್ದಾರಂತೆ.

ಆ ನಲಿಕಲಿ ಕಾರ್ಡುಗಳು ಸರ್ಕಾರಿ ಶಾಲೆಗಳಲ್ಲಿ ಈಗಾಗಲೇ ಇವೆ. ಹೊಸ ದುಡ್ಡು ಬೇಡ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಕನ್ನಡ ಕಲಿಸಲೇಬೇಕು ಎನ್ನುತ್ತದೆ, ನನಗೂ ಅದೇ ಬೇಕು. ವರ್ಷದ ನಡುವೆ ಬಂದ ಮಗುವಿಗೆ ಹೀಗೆ ದಿನಾ ಒಂದು ತಾಸು ಕೊಡಿ, ಎರಡು ವರ್ಷ ಕನ್ನಡದ ಅಂಕ ನೋಡಿ ಅಳೆಯಬೇಡಿ ಎಂದು ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಟಿಸಿಗೆ ಕಾಯದೆ ಸೇರಿಸಿಕೊಳ್ಳಿ ಎಂಬ ಮಾತೂ ಅದರಲ್ಲೇ ಇರಲಿ. ದೊಡ್ಡ ಮಕ್ಕಳ ವಿಚಾರದಲ್ಲಿ ಇದು ಇನ್ನೂ ತುರ್ತು. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ. ಒಂಬತ್ತನೇ ತರಗತಿಗೆ ಊರಿಗೆ ಬಂದ ಹುಡುಗ ಅದನ್ನು ಹೇಗೆ ಬರೆಯಬೇಕು? ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಶಾಲೆ ವಿಚಾರ ನೋಡಿಕೊಳ್ಳಲು ಒಬ್ಬರಿದ್ದರೆ ನಮ್ಮಂಥವರು ಸುಮ್ನೆ ಅಲೆಯುವುದು ತಪ್ಪುತ್ತದೆ.

ಏಪ್ರಿಲ್‌ನಲ್ಲಿ ಪಕ್ಕದ ಊರಿಗೆ ಇನ್ನೊಂದು ಕುಟುಂಬ ಬರುತ್ತಿದೆ. ಅವರ ಮನೆಯವರಿಗೂ ಫೀಲ್ಡ್, ಮಗ ಆರನೇ ತರಗತಿ. ಟಿಸಿಗೆ ಯಾರ ಸಹಿ ಬೇಕು ಎಂದು ಆ ತಾಯಿ ನನಗೆ ಫೋನ್ ಮಾಡಿದ್ದರು. 5ನೇ ಸೆಕ್ಷನ್ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡು ಬನ್ನಿ ಎಂದು ಹೇಳಿದ್ದೇನೆ. ಅವರು ರೈಲು ಹತ್ತುವ ಮೊದಲೇ ಆ ಸುತ್ತೋಲೆ ಬರಲಿ.

ಇತಿ,
ಒಬ್ಬ ಸೈನಿಕನ ಹೆಂಡತಿ
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ