ಹೆರೋದನನ್ನು ಬಿಟ್ಟು ಕ್ರಿಸ್ಮಸ್ ಓದಬೇಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಕೊನೆಯ ವಾರದಿಂದ ಜನವರಿ ಮಧ್ಯದವರೆಗೆ ಪತ್ರಿಕೆಗಳ ಕ್ರಿಸ್ಮಸ್ ಚಿಂತನೆಗಳಲ್ಲೂ ಚರ್ಚುಗಳ ಪ್ರಸಂಗಗಳಲ್ಲೂ ಒಂದೇ ಚಿತ್ರ ಮತ್ತೆ ಮತ್ತೆ ಬರುತ್ತದೆ. ಗೋದಲಿಯಲ್ಲಿ ಮಗು, ಒಂದು ಪಕ್ಕ ಕುರುಬರು, ಇನ್ನೊಂದು ಪಕ್ಕ ಒಂಟೆಗಳೊಡನೆ ಮೂವರು ರಾಜರು, ಮೇಲೆ ನಕ್ಷತ್ರ. ಇವರೆಲ್ಲ ಒಟ್ಟಿಗೆ ನಿಂತಿರುವ ಚಿತ್ರ ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿ ಯಾವುದರಲ್ಲೂ ಇಲ್ಲ. ಕುರುಬರು, ಗೋದಲಿ ಲೂಕನಲ್ಲಿ. ಚಿತ್ರದಲ್ಲಿ ರಾಜರಾಗಿರುವ ಜೋಯಿಸರು (ಜ್ಯೋತಿಷಿಗಳು), ನಕ್ಷತ್ರ ಮತ್ತಾಯನಲ್ಲಿ. ಮಾರ್ಕ ಯೇಸುವಿನ ಜನನದ ಮಾತೇ ಎತ್ತುವುದಿಲ್ಲ. ಯೋಹಾನ ಸೃಷ್ಟಿಗಿಂತ ಹಿಂದಕ್ಕೆ ಹೋಗಿ ‘ವಾಕ್ಯ’ದಿಂದ, ಅಂದರೆ ಆದಿಯಲ್ಲೇ ಇದ್ದ ದೇವರ ಮಾತಿನಿಂದ, ಆರಂಭಿಸುತ್ತಾನೆ. ಗೋದಲಿ ಕಟ್ಟುವಾಗ ಎಲ್ಲರನ್ನೂ ಜೊತೆಗೆ ಕೂರಿಸಿದರೆ ತಪ್ಪಿಲ್ಲ. ಪ್ರಸಂಗ ಮಾಡುವವರು, ಲೇಖನ ಬರೆಯುವವರು ಹಾಗೆ ಮಾಡಿದರೆ ಆ ದಿನದ ವಾಚನ, ಅಂದರೆ ಅಂದು ಚರ್ಚಿನಲ್ಲಿ ಓದುವ ಬೈಬಲ್ ಭಾಗ, ಏನು ಹೇಳುತ್ತಿದೆ ಎಂಬುದು ಕೇಳಿಸುವುದೇ ಇಲ್ಲ. ಈ ಬೆರಕೆಯಲ್ಲಿ ಮೊದಲು ಕಾಣೆಯಾಗುವವರು ಮಕ್ಕಳನ್ನು ಕೊಲ್ಲಿಸಿದ ಅರಸ ಹೆರೋದ, ದೇವಾಲಯದಲ್ಲಿ ಮಗುವನ್ನು ಎತ್ತಿಕೊಂಡ ಸಿಮೆಯೋನ, ಯೇಸುವಿನ ವಂಶಾವಳಿಯ ಹೆಂಗಸರು. ಈ ಕಾಲದ ಗಟ್ಟಿ ಭಾಗ ಇರುವುದೇ ಅವರಲ್ಲಿ.

ಚಿಂತನೆ ಸಿದ್ಧಪಡಿಸುವವರು ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ವಾಚನದ ವರ್ಷ. ಯಾವ ದಿನ ಯಾವ ಭಾಗ ಓದಬೇಕೆಂದು ಹೇಳುವ ಪಟ್ಟಿಯೇ ವಾಚನಕ್ರಮ. 1969ರ ಕಥೋಲಿಕ ವಾಚನಕ್ರಮವೂ ಅದನ್ನು ಆಧರಿಸಿ 1992ರಲ್ಲಿ ಬಂದ, ಅನೇಕ ಪ್ರಾಟೆಸ್ಟೆಂಟ್ ಸಭೆಗಳು ಬಳಸುವ ಸಾಮಾನ್ಯ ವಾಚನಕ್ರಮವೂ ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ: ‘ಎ’ ವರ್ಷ ಮತ್ತಾಯ, ‘ಬಿ’ ಮಾರ್ಕ, ‘ಸಿ’ ಲೂಕ. ಇಸವಿಯನ್ನು 3ರಿಂದ ಭಾಗಿಸಿದಾಗ 1 ಉಳಿದರೆ ಎ, 2 ಉಳಿದರೆ ಬಿ, ಏನೂ ಉಳಿಯದಿದ್ದರೆ ಸಿ. ಹಲವರು ಎಡವುವುದು ಇಲ್ಲೇ. ಆರಾಧನಾ ವರ್ಷ ಜನವರಿಯಲ್ಲಿ ಅಲ್ಲ, ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ಕಾಲವಾದ ಆಗಮನಕಾಲದ ಮೊದಲ ಭಾನುವಾರ ಶುರುವಾಗುತ್ತದೆ. ಆದ್ದರಿಂದ 2025ರ ಡಿಸೆಂಬರ್ 25ಕ್ಕೆ 2026ರ ಲೆಕ್ಕ ಹಿಡಿಯಬೇಕು. ಅದು ಎ ವರ್ಷ.

ಕ್ರಿಸ್ಮಸ್ ದಿನಕ್ಕೆ ಮಾತ್ರ ಈ ಲೆಕ್ಕ ಬೇಕಿಲ್ಲ. ಕಥೋಲಿಕ ಕ್ರಮದಲ್ಲಿ ಆ ಹಬ್ಬಕ್ಕೆ ನಾಲ್ಕು ಪೂಜೆಗಳು, ಪ್ರತಿಯೊಂದಕ್ಕೂ ಬೇರೆ ಸುವಾರ್ತೆ, ಮೂರು ವರ್ಷವೂ ಅವೇ. ಹಿಂದಿನ ಸಂಜೆಯ ಜಾಗರಣೆಗೆ ಮತ್ತಾಯ 1:1-25 (1ನೇ ಅಧ್ಯಾಯ, 1ರಿಂದ 25ನೇ ವಚನ), ರಾತ್ರಿಗೆ ಲೂಕ 2:1-14, ಮುಂಜಾವಿಗೆ ಲೂಕ 2:15-20, ಹಗಲಿಗೆ ಯೋಹಾನ 1:1-18. ಹಗಲು ಪೂಜೆಯಲ್ಲಿ ಯೋಹಾನನನ್ನು ಓದಿ ಪ್ರಸಂಗವನ್ನು ಮಾತ್ರ ಕುರುಬರ ಮೇಲೆ ಮಾಡುವುದು ಬಹಳ ಸಾಮಾನ್ಯ. ಆಗ ‘ವಾಕ್ಯವು ಮನುಷ್ಯನಾಯಿತು’ ಎಂಬ ಮಾತು ಓದಿದ್ದಷ್ಟೇ ಆಗುತ್ತದೆ, ಅದನ್ನು ಬಿಡಿಸಿ ಹೇಳುವವರು ಯಾರೂ ಇರುವುದಿಲ್ಲ.

ಜಾಗರಣೆಯ ವಂಶಾವಳಿ ಬೇಸರ ತರಿಸುತ್ತದೆಂದು 18ನೇ ವಚನದಿಂದ ಆರಂಭಿಸುವ ಕಿರುರೂಪವನ್ನೇ ಆರಿಸಿಕೊಳ್ಳುತ್ತಾರೆ. ಅದಕ್ಕೆ ಅನುಮತಿಯೂ ಇದೆ. ಆದರೂ ಪೂರ್ತಿ ಓದಿ ಎಂದು ಒತ್ತಿ ಹೇಳಬೇಕೆನಿಸುತ್ತದೆ. ಮತ್ತಾಯ ಬರೀ ಹೆಸರುಗಳ ದಾಖಲೆ ಕೊಡುತ್ತಿಲ್ಲ. ತಲೆಮಾರುಗಳನ್ನು ಹದಿನಾಲ್ಕರಂತೆ ಮೂರು ಗುಂಪು ಮಾಡುತ್ತಾನೆ. ಯೋರಾಮನಿಂದ ಉಜ್ಜೀಯನಿಗೆ ಹಾರುವಾಗ ನಡುವಿನ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ಅರಸರನ್ನು ಕೈಬಿಟ್ಟು ಹದಿನಾಲ್ಕರ ಲೆಕ್ಕ ಕೂಡಿಸುತ್ತಾನೆ. ಕೊನೆಯ ಗುಂಪನ್ನು ಬೆರಳಲ್ಲಿ ಎಣಿಸಿದರೆ ಹೊಸದಾಗಿ ಬರುವ ಹೆಸರುಗಳು 13 ಮಾತ್ರ. ಅರಸರನ್ನೇ ಬಿಟ್ಟವನು ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿ ಈ ನಾಲ್ವರನ್ನು ಬೇಕೆಂದೇ ಸೇರಿಸುತ್ತಾನೆ. ಊರೀಯನ ಹೆಂಡತಿ ಎನ್ನುವಾಗ, ಇನ್ನೊಬ್ಬನ ಹೆಂಡತಿಯನ್ನು ತನ್ನವಳಾಗಿಸಿಕೊಂಡ ಅರಸ ದಾವೀದನ ಪಾಪವನ್ನು ಮೆಸ್ಸೀಯನ ವಂಶವೃಕ್ಷದಲ್ಲಿ ಬರೆದಿಟ್ಟಂತಾಯಿತು. ಓದುವವರು ಹೆಸರುಗಳನ್ನು ಮುಂಚೆಯೇ ಗಟ್ಟಿಯಾಗಿ ಓದಿ ನಾಲಿಗೆಗೆ ಹದಮಾಡಿಕೊಳ್ಳಬೇಕು. ದಾವೀದನ ಬಳಿ, ಬಾಬಿಲೋನಿನ ಸೆರೆಯ ಬಳಿ, ಆ ನಾಲ್ವರು ಹೆಂಗಸರ ಬಳಿ ಅರೆಗಳಿಗೆ ನಿಲ್ಲಬೇಕು. 16ನೇ ವಚನದಲ್ಲಿ ಧಾಟಿಯೇ ಮುರಿಯುತ್ತದೆ: ಯೋಸೇಫ ಯೇಸುವನ್ನು ಪಡೆದನು ಎಂದಿಲ್ಲ, ಮರಿಯಳಲ್ಲಿ ಯೇಸು ಹುಟ್ಟಿದರು ಎಂದಿದೆ. ಅಲ್ಲಿಯವರೆಗಿನ ಓಟದಲ್ಲೇ ಇದನ್ನೂ ಓದಿಬಿಟ್ಟರೆ ಕೇಳುವವರಿಗೆ ಆ ತಿರುವು ತಿಳಿಯುವುದಿಲ್ಲ.

ಕ್ರಿಸ್ಮಸ್ ನಂತರದ ಭಾನುವಾರ ಇನ್ನೂ ಎಚ್ಚರ ಬೇಕು. ಕಥೋಲಿಕರಿಗೆ ಅದು ಪವಿತ್ರ ಕುಟುಂಬದ ಹಬ್ಬ. ಬಿ ವರ್ಷದ ವಾಚನ ಲೂಕ 2:22-40. ಅದರ ಕಿರುರೂಪದಲ್ಲಿ 22ನೇ ವಚನದಿಂದ ನೇರ 39ಕ್ಕೆ ಜಿಗಿತ. ಸಿಮೆಯೋನನೂ ಇಲ್ಲ, ಪ್ರವಾದಿನಿ ಅನ್ನಳೂ ಇಲ್ಲ, ‘ನಿನ್ನ ಪ್ರಾಣವನ್ನೂ ಕತ್ತಿ ತಿವಿಯುವುದು’ ಎಂಬ ಎಚ್ಚರಿಕೆಯೂ ಇಲ್ಲ. ಹಾಗಾದರೆ ದೇವಾಲಯಕ್ಕೆ ಹೋಗಿ ಮನೆಗೆ ಬಂದರು ಎಂಬುದಷ್ಟೇ ಉಳಿಯುತ್ತದೆ. ಎರಡು ಮೂರು ನಿಮಿಷ ಉಳಿಸಲು ಇದು ತೀರಾ ದುಬಾರಿ.

ಎ ವರ್ಷದಲ್ಲಿ ಮತ್ತಾಯ 2:13-15 ಮತ್ತು 19-23. ನಡುವೆ ಬಿಟ್ಟಿರುವ ಮೂರು ವಚನಗಳೇ ಬೇತ್ಲೆಹೇಮಿನ ಮಕ್ಕಳ ಕೊಲೆ ಮತ್ತು ಮಕ್ಕಳಿಗಾಗಿ ಅಳುವ ತಾಯಿ ರಾಹೇಲಳ ಗೋಳು. ಡಿಸೆಂಬರ್ 28ರಂದು ಆ ಮಕ್ಕಳ ಹಬ್ಬದಲ್ಲಿ ಅವನ್ನು ಓದುತ್ತಾರಲ್ಲ ಎನ್ನಬಹುದು. ಆದರೆ 28 ಭಾನುವಾರ ಬಿದ್ದರೆ ಪವಿತ್ರ ಕುಟುಂಬದ ಹಬ್ಬ ಅದರ ಜಾಗ ತೆಗೆದುಕೊಳ್ಳುತ್ತದೆ. 2025ರಲ್ಲಿ ಹಾಗೆಯೇ ಆಯಿತು. ಎ ವರ್ಷವೂ ಅದೇ. ಇಂಥ ವರ್ಷ ಪ್ರಸಂಗದಲ್ಲಾದರೂ 16ರಿಂದ 18ನೇ ವಚನಗಳನ್ನು ಎತ್ತಿಕೊಳ್ಳದಿದ್ದರೆ, ಯೋಸೇಫ ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಏಕೆ ಓಡಿದನೆಂಬುದು ಅರ್ಧ ಮಾತ್ರ ತಿಳಿಯುತ್ತದೆ. ಪ್ರಾಟೆಸ್ಟೆಂಟ್ ಸಾಮಾನ್ಯ ಕ್ರಮ 13ರಿಂದ 23ರವರೆಗೆ ಎಡೆಬಿಡದೆ ಓದಿಸುತ್ತದೆ, ಅದು ಮೆಚ್ಚಬೇಕಾದದ್ದು. ಎರಡು ಕ್ರಮಗಳಲ್ಲೂ ಇನ್ನೊಂದು ತೊಡಕಿದೆ. ಈಜಿಪ್ಟಿಗೆ ಓಡಿದ ಕಥೆ ಮೊದಲು ಬರುತ್ತದೆ, ಜೋಯಿಸರು ಬಂದ ಕಥೆ ನಂತರದ ಎಪಿಫನಿ ಹಬ್ಬಕ್ಕೆ. ಹಿಂದುಮುಂದಾಗಿರುವುದನ್ನು ಪ್ರಸಂಗದ ಆರಂಭದಲ್ಲೇ ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

ಎಪಿಫನಿಯ ಮೂಲ ದಿನ ಜನವರಿ 6. ಅಂದು ಕಡ್ಡಾಯ ಹಬ್ಬವಲ್ಲದ ಕಡೆ ಕಥೋಲಿಕರು ಜನವರಿ 2ರಿಂದ 8ರೊಳಗಿನ ಭಾನುವಾರಕ್ಕೆ ಇಟ್ಟುಕೊಳ್ಳುತ್ತಾರೆ. ಆ ಭಾನುವಾರ 7 ಅಥವಾ 8 ಆದರೆ ಪ್ರಭುವಿನ ದೀಕ್ಷಾಸ್ನಾನದ ಹಬ್ಬ ಮರುದಿನ ಸೋಮವಾರವೇ. ವಾಚನ ಮಾತ್ರ ಎಲ್ಲ ವರ್ಷವೂ ಮತ್ತಾಯ 2:1-12. ಅದರಲ್ಲಿ ಜೋಯಿಸರು ಎಷ್ಟು ಮಂದಿ ಎಂದಿಲ್ಲ. ಕಾಣಿಕೆ ಮೂರಾದ್ದರಿಂದ ಮೂವರಾದರು. ರಾಜರೂ ಇಲ್ಲ, ಒಂಟೆಗಳೂ ಇಲ್ಲ. ಅವು ಬಂದದ್ದು ಅದೇ ದಿನ ಓದುವ ಯೆಶಾಯ 60:1-6 ಮತ್ತು ಹಾಡುವ 72ನೇ ಕೀರ್ತನೆಯಿಂದ. ಯೆಶಾಯನಲ್ಲಿ ಚಿನ್ನವೂ ಧೂಪವೂ ಇವೆ, ರಕ್ತಬೋಳ ಎಂಬ ಸುಗಂಧದ ಅಂಟು ಇಲ್ಲ. ಮತ್ತಾಯ ಅದನ್ನು ಸೇರಿಸಿದ್ದನ್ನು ಗಮನಿಸಬೇಕು. ಅದು ಯೇಸುವಿನ ಮರಣಕ್ಕೆ ಸಂಬಂಧಿಸಿದ್ದೆಂದು 2ನೇ ಶತಮಾನದಲ್ಲೇ ಬಿಷಪ್ ಐರೇನಿಯಸ್ ಬರೆದಿದ್ದಾರೆ. ಯೋಹಾನ 19:39ರಲ್ಲಿ ಸಮಾಧಿಯ ಹೊತ್ತಿಗೆ ನಿಕೊದೇಮ ತರುವುದು ಅದನ್ನೇ.

ಈ ಹಬ್ಬಕ್ಕೆ ನಕ್ಷತ್ರ ಯಾವುದಿರಬಹುದೆಂಬ ಖಗೋಳದ ಚರ್ಚೆಯಲ್ಲೇ ಸಮಯ ಕಳೆಯುವುದು ಸರಿಯಲ್ಲ. ಕ್ರಿ.ಪೂ. 7ರ ಗುರು-ಶನಿ ಸಂಯೋಗ ಕುತೂಹಲದ ವಿಷಯ, ನಿಜ. ಮತ್ತಾಯನ ಕಣ್ಣಿರುವುದು ಬೇರೆ ಕಡೆ. ನಕ್ಷತ್ರ ಕಂಡು ಹೊರಟವರು ತಲುಪಿದ್ದು ಯೆರೂಸಲೇಮಿಗೆ. ಬೇತ್ಲೆಹೇಮ್ ಎಂಬ ಹೆಸರು ಸಿಕ್ಕಿದ್ದು ಮೀಕನ ಗ್ರಂಥದಿಂದ. ಆ ವಚನವನ್ನು ಬಾಯಿಪಾಠ ಒಪ್ಪಿಸಿದ ಶಾಸ್ತ್ರಿಗಳಿಗೆ ಬೇತ್ಲೆಹೇಮ್ ಸುಮಾರು 9 ಕಿಲೋಮೀಟರ್ ದೂರ. ಅವರಲ್ಲಿ ಒಬ್ಬನೂ ಹೊರಟನೆಂದು ಮತ್ತಾಯ ಹೇಳುವುದಿಲ್ಲ. ಹೊರನಾಡಿನವರು ಹೋಗಿ ಅಡ್ಡಬಿದ್ದರು. ಸುವಾರ್ತೆ ದಿನವೂ ಓದುವ ನಮ್ಮಂಥವರ ಕಡೆಗೇ ಈ ಮಾತು ನೇರವಾಗಿ ಬರುತ್ತದೆ.

ಎರಡು ಸುವಾರ್ತೆಗಳನ್ನು ಬೆರೆಸಿದರೆ ಇಲ್ಲದ ಪ್ರಶ್ನೆಗಳೂ ಹುಟ್ಟುತ್ತವೆ. ಯಾಜಕಕಾಂಡ 12ರ ಪ್ರಕಾರ ಗಂಡುಮಗು ಹೆತ್ತ ತಾಯಿಯ ಶುದ್ಧೀಕರಣಕ್ಕೆ 7 ಮತ್ತು 33, ಒಟ್ಟು 40 ದಿನ. ಕುರಿಮರಿ ಕೊಡಲಾಗದವರಿಗೆ ಜೋಡಿ ಹಕ್ಕಿ. ಮರಿಯಳು ಕೊಟ್ಟದ್ದು ಬಡವರ ಕಾಣಿಕೆಯನ್ನೇ. ಹುಟ್ಟಿದ ರಾತ್ರಿಯೇ ಜೋಯಿಸರ ಚಿನ್ನ ಬಂದಿದ್ದರೆ ಕುರಿಮರಿಗೆ ಏಕೆ ಹಣವಿರಲಿಲ್ಲ ಎಂದು ಕೇಳುವವರಿದ್ದಾರೆ. ಜೋಯಿಸರು ಕಂಡದ್ದು ಮನೆಯೊಳಗಿನ ಮಗುವನ್ನು. ಹೆರೋದ ಎರಡು ವರ್ಷದೊಳಗಿನ ಮಕ್ಕಳನ್ನು ಕೊಲ್ಲಿಸಿದ್ದು ಅವರಿಂದ ತಿಳಿದ ಕಾಲದ ಲೆಕ್ಕದಿಂದ. ಆ ರಾತ್ರಿ ಎಂಬುದು ನಾವು ಸೇರಿಸಿದ್ದು.

ಸಿ ವರ್ಷದ ದೀಕ್ಷಾಸ್ನಾನದ ವಾಚನದಲ್ಲೂ ಇದೇ ಕತ್ತರಿ ಆಡಿದೆ. ಎರಡೂ ಕ್ರಮಗಳು ಲೂಕ 3ರಲ್ಲಿ 18ರಿಂದ 20ನೇ ವಚನಗಳನ್ನು ಬಿಡುತ್ತವೆ. ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನನನ್ನು ಇನ್ನೊಬ್ಬ ಹೆರೋದ ಸೆರೆಗೆ ಹಾಕಿಸಿದ್ದು ಅಲ್ಲೇ.

ಆದ್ದರಿಂದ ಪತ್ರಿಕೆಗೆ ಒಂದು ಕೋರಿಕೆ. ಹಬ್ಬದ ಚಿಂತನೆ ಪ್ರಕಟಿಸುವಾಗ ಶೀರ್ಷಿಕೆಯ ಕೆಳಗೆ ಅದು ಯಾವ ಸುವಾರ್ತೆಯ ಯಾವ ಅಧ್ಯಾಯ, ಯಾವ ವಚನಗಳ ಮೇಲಿನದು ಎಂದು ನಮೂದಿಸಿ. ಬರೆಯುವವರು ಆ ವಚನಗಳೊಳಗೇ ನಿಲ್ಲಲಿ. ವಾಚನಕ್ರಮ ಬಿಟ್ಟ ವಚನಗಳಿದ್ದರೆ ಅವುಗಳ ಸಂಖ್ಯೆಯನ್ನೂ ಪಕ್ಕದಲ್ಲೇ ಕೊಡಿ. ಬೇಕಾದವರು ಬೈಬಲ್ ತೆರೆದು ನೋಡಿಕೊಳ್ಳುತ್ತಾರೆ.

ಇತಿ,
ನಿಮ್ಮ ಓದುಗ