ಬಣ್ಣಕ್ಕಿಂತ ಮೊದಲು ಪೈಪು ನೋಡಿ

ಮಾನ್ಯ ಸಂಪಾದಕರೇ,

ಹಳೆ ಕಾರುಗಳನ್ನು ರೀಬಿಲ್ಡ್ ಮಾಡಿಸುವ ಹವ್ಯಾಸದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಬಣ್ಣಕ್ಕೆಷ್ಟು, ಕ್ರೋಮಿಗೆಷ್ಟು, ಸೀಟಿಗೆಷ್ಟು ಅಂತ ಲೆಕ್ಕವೂ ಇತ್ತು. ಪೆಟ್ರೋಲ್ ಪೈಪು, ರೇಡಿಯೇಟರ್ ಪೈಪಿನ ಬಗ್ಗೆ ಮಾತ್ರ ಒಂದಕ್ಷರ ಇರಲಿಲ್ಲ. ಬದಿಯಡ್ಕದ ಕಡೆ ವರ್ಕ್‌ಶಾಪ್ ಇಟ್ಟುಕೊಂಡವನು ನಾನು. ಇಂಥ ಕಾರುಗಳು ದಾರಿಯಲ್ಲಿ ಕೈಕೊಟ್ಟು ನಮ್ಮಲ್ಲಿಗೆ ಬರುವುದು ಬಹುಪಾಲು ಈ ಪೈಪುಗಳಿಂದಲೇ, ಹಾಗಾಗಿ ಬರೆಯಬೇಕೆನಿಸಿತು.

ಗಲ್ಫಿನಿಂದ ಬಂದವರೊಬ್ಬರ ಎಂಜಿಬಿ ಸ್ಪೋರ್ಟ್ಸ್ ಕಾರು ಈಚೆಗೆ ನಮ್ಮಲ್ಲಿಗೆ ಬಂತು. 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಮಾಡೆಲ್. ಹೆಸರು ಕೇಳಿ ಹುಡುಗರು ಸ್ವಲ್ಪ ಹೆದರಿದರು, ಆದರೆ ಅದರ 1798 ಸಿಸಿ ಇಂಜಿನ್ ನಮ್ಮ ಹಳೆ ಅಂಬಾಸಡರ್‌ನ 1489 ಸಿಸಿ ಇಂಜಿನ್‌ನ ಒಡಹುಟ್ಟು. ಅಂಬಾಸಡರ್ ಟ್ಯಾಕ್ಸಿ ಬಿಚ್ಚಿ ಕೈ ಕಪ್ಪು ಮಾಡಿಕೊಂಡ ಮೆಕ್ಯಾನಿಕ್‌ಗಳು ಕಾಸರಗೋಡಿನಲ್ಲಿ ಇನ್ನೂ ಇದ್ದಾರೆ, ಅಲ್ವಾ?

ಬೇರೆ ಊರಿನ ವರ್ಕ್‌ಶಾಪಿನಲ್ಲಿ ಪೂರ್ತಿ ರೀಬಿಲ್ಡ್ ಆದ ಕಾರು ಅದು. ಬೆಳಿಗ್ಗೆ ಸರಿಯಾಗಿ ಓಡುತ್ತದೆ, ಮಧ್ಯಾಹ್ನ ಪೆರ್ಲದ ಏರಿನಲ್ಲಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ನೋಡಿದವರೆಲ್ಲ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಟ್ಯೂನಿಂಗ್ ಅಂದಿದ್ದರಂತೆ. ನಾವು ಕಾರ್ಬುರೇಟರ್ ಮುಟ್ಟಲೇ ಇಲ್ಲ, ಮೊದಲು ಪೆಟ್ರೋಲ್ ಪಂಪಿನ ಸದ್ದು ಕೇಳಿದೆವು. ಇದರ ಎಸ್‌ಯು ಕಂಪನಿಯ ಇಲೆಕ್ಟ್ರಿಕ್ ಪಂಪು ಹಿಂದಿನ ಚಕ್ರದ ಹತ್ತಿರ ಇರುತ್ತದೆ. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಅಂತ ಬಡಿದು, ಕಾರ್ಬುರೇಟರಿನ ಪೆಟ್ರೋಲ್ ಬಟ್ಟಲು (ಫ್ಲೋಟ್ ಬೌಲ್) ತುಂಬಿದ ಮೇಲೆ ಸುಮ್ಮನಾಗಬೇಕು. ಇದು ನಿಲ್ಲದೆ ಬಡಿಯುತ್ತಲೇ ಇತ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದು, ಕಾರ್ಬುರೇಟರ್ ತುಂಬಿ ಚೆಲ್ಲದೆ, ಪಂಪು ಮಾತ್ರ ಹೀಗೆ ಬಡಿಯುತ್ತಿದ್ದರೆ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತಲೇ ಮೊದಲು ಅನುಮಾನಿಸಬೇಕು. ಎಳೆಯುವ ಕಡೆಯ ಪೈಪು ಹೊರಗೆ ಹನಿ ಬೀಳಿಸುವುದು ಕಡಿಮೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಲಿಪ್ ಬಿಚ್ಚಿ ಪೈಪು ತೆಗೆದರೆ ಒಳಮೈ ಅಂಟಂಟು, ಬೆರಳಿಗೆ ಕಪ್ಪು ಮಸಿ. ಉದ್ದಕ್ಕೆ ಸೀಳಿ ನೋಡಿದಾಗ ಒಳಪದರ ಸಿಪ್ಪೆಯ ಹಾಗೆ ಎದ್ದಿತ್ತು. ಬಿಸಿ ಏರಿದ ಹಾಗೆ ರಬ್ಬರ್ ಮೆತ್ತಗಾಗಿ ಗಾಳಿ ಎಳೆಯುತ್ತಿತ್ತು, ಆ ಸಿಪ್ಪೆ ಪೆಟ್ರೋಲಿನ ದಾರಿಗೂ ಅಡ್ಡ ಬರುತ್ತಿತ್ತು. ಹೊಚ್ಚ ಹೊಸ ಪೈಪು, ಅಂಗಡಿಯವರು ಪೆಟ್ರೋಲ್ ಪೈಪೆಂದೇ ಕೊಟ್ಟದ್ದಂತೆ. ಮೇಲೆ ಒಂದು ಅಕ್ಷರದ ಗುರುತೂ ಇರಲಿಲ್ಲ.

ಕಾರಣ ಗುಟ್ಟೇನಲ್ಲ. 2023ರ ಫೆಬ್ರವರಿಯಿಂದ ಎಥನಾಲ್ ಎಂಬ ಆಲ್ಕೋಹಾಲನ್ನು ಶೇ 20 ಬೆರೆಸಿದ ಪೆಟ್ರೋಲ್ ಬರಲು ಶುರುವಾಯಿತು, ಈಗ ಎಲ್ಲೆಡೆ ಅದೇ. ಹಳೆ ಕಾಲದ ಮಾಮೂಲಿ ರಬ್ಬರ್ ಇದಕ್ಕೆ ಬಾಳುವುದಿಲ್ಲ. ಊದುತ್ತದೆ, ಮೆತ್ತಗಾಗುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಈ ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಸುಮ್ನೆ ಕೂತಿದ್ದ ಹಳೆ ಕೊಳೆಯನ್ನೂ ಕರಗಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಾದರೆ, ಗಾಳಿಯ ತೇವ ಎಳೆದುಕೊಂಡು ಟ್ಯಾಂಕಿಗೆ ತುಕ್ಕು ಬೇರೆ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಥವಾ ಆರ್14 ಅಂತ ದರ್ಜೆಯ ಅಚ್ಚು ಇದ್ದರೆ ಮಾತ್ರ ತೆಗೆದುಕೊಳ್ಳಿ. ದರ ಜಾಸ್ತಿ, ಹೌದು. ಆದರೆ ಒಂದು ಕಾರಿಗೆ ಬೇಕಾಗುವುದು ಕೆಲವೇ ಅಡಿ, ಬಣ್ಣದ ಬಿಲ್ಲಿನ ಮುಂದೆ ಅದೆಷ್ಟರದು?

ಇನ್ನೊಂದು ನಮ್ಮ ಕೇರಳದ್ದೇ ಕಾಟ. ಮರ ಕೊರೆಯುವ ಒಂದು ಜಾತಿಯ ಪುಟ್ಟ ಹುಳು ಪೆಟ್ರೋಲ್ ಪೈಪಿಗೆ ಸೂಜಿ ಚುಚ್ಚಿದ ಹಾಗೆ ತೂತು ಕೊರೆಯುತ್ತದೆ. ಎಥನಾಲ್ ವಾಸನೆಯೇ ಅದಕ್ಕೆ ಕರೆಯೋಲೆ. ಕಾಫಿ ಬೆಳೆಗಾರರಿಗೆ ಇದು ಆಶ್ಚರ್ಯ ಆಗಲಿಕ್ಕಿಲ್ಲ, ಕಾಯಿ ಕೊರಕವನ್ನು ಹಿಡಿಯಲು ಅವರು ತೂಗುಹಾಕುವ ಬಲೆಯಲ್ಲೂ ಇರುವುದು ಆಲ್ಕೋಹಾಲೇ. ತೋಟದ ಮಧ್ಯೆ ಕಾರು ನಿಲ್ಲಿಸುವವರು ಆಗಾಗ ಟಾರ್ಚ್ ಹಾಕಿ ಪೈಪಿನ ಮೇಲೆ ಕಣ್ಣಾಡಿಸುವುದು ಒಳ್ಳೆಯದು.

ಎಂಜಿಬಿಯಲ್ಲಿ ಕಾರ್ಬುರೇಟರ್ ಕೂತಿರುವುದೇ ಎಕ್ಸಾಸ್ಟ್ ಮೇಲೆ. ಅಲ್ಲಿ ಪೆಟ್ರೋಲ್ ಜಿನುಗಿದರೆ ಬೀಳುವುದು ಕಾದ ಕಬ್ಬಿಣದ ಮೇಲೆ, ಮುಂದಿನದು ಹೇಳಬೇಕಿಲ್ಲ. ನಡುವಿನ ತಗಡಿನ ಹೀಟ್ ಶೀಲ್ಡ್ ಚಂದ ಇಲ್ಲ ಅಂತ ಕೆಲವರು ತೆಗೆದಿಡುತ್ತಾರೆ! ಚಂದಕ್ಕೆ ಹಾಕುವ ಸ್ಟೀಲ್ ಜಾಲರಿಯ ಪೈಪಿನ ಮೇಲೂ ನನಗೆ ಸಿಟ್ಟಿದೆ. ಒಳಗಿನ ರಬ್ಬರ್ ಬಿರಿದರೂ ಮೇಲೆ ಪಳಪಳ, ಗೊತ್ತೇ ಆಗುವುದಿಲ್ಲ. ಹಾಗೆಯೇ, ಹಳೆ ಪಂಪು ಹಾಳಾಯಿತೆಂದು ಹೊಸ ಇಂಜೆಕ್ಷನ್ ಕಾರಿನ ಪಂಪು ಕೂರಿಸಬೇಡಿ. ಈ ಕಾರ್ಬುರೇಟರ್ ತಡೆಯುವುದು 3 ಪಿಎಸ್‌ಐ ಆಸುಪಾಸಿನ ಒತ್ತಡ. ಅದಕ್ಕಿಂತ ತುಂಬ ಜಾಸ್ತಿಯಾದರೆ ಒಳಬರುವ ಪೆಟ್ರೋಲ್ ತಡೆಯುವ ಸೂಜಿ ವಾಲ್ವ್ ಸೋತು ಪೆಟ್ರೋಲ್ ಹೊರಗೆ ಸುರಿಯುತ್ತದೆ.

ಬಿಸಿಲಲ್ಲಿ ನಿಂತ ಕಾರಿಗೆಲ್ಲ ವೇಪರ್ ಲಾಕ್ (ಬಿಸಿಗೆ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದು) ಅಂತ ಹೆಸರಿಟ್ಟು ಪಂಪಿಗೆ ಒದ್ದೆ ಬಟ್ಟೆ ಸುತ್ತುವವರಿಗೂ ಒಂದು ಮಾತು. ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ ಅಂತ ಗಾಳಿ ಒಳಗೆ ಹೋಗಿ ಕಾರು ಸ್ಟಾರ್ಟ್ ಆದರೆ, ಗಾಳಿಯಾಡುವ ತೂತು ಕಟ್ಟಿದೆ ಅಷ್ಟೆ.

ನೀರಿನ ಕಡೆ ಕಥೆ ಬೇರೆ. ಹೈವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಕಾರು ಕುದಿಯಿತು ಅಂದ ತಕ್ಷಣ, ಬಿಸಿಗೆ ತಕ್ಕಂತೆ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ನಮ್ಮ ಕಡೆಯ ಚಾಳಿ. ಕಾಯಿಲೆ ಎಷ್ಟೋ ಸಲ ಅಲ್ಲಿರುವುದಿಲ್ಲ. ರೇಡಿಯೇಟರಿನ ಕೆಳಗಿನ ಪೈಪು ನೀರಿನ ಪಂಪು ಎಳೆಯುವ ಕಡೆಯದು. ಅದು ಮೆತ್ತಗಿದ್ದರೆ, ನಿಂತಲ್ಲಿ ಸರಿಯಿದ್ದು, ಆಕ್ಸಿಲರೇಟರ್ ಒತ್ತಿದಾಗ ಚಪ್ಪಟೆಯಾಗುತ್ತದೆ. ಬಾನೆಟ್ ತೆಗೆದು ಒಬ್ಬರು ರೇಸ್ ಮಾಡಲಿ, ಇನ್ನೊಬ್ಬರು ಫ್ಯಾನಿನಿಂದ ದೂರ ನಿಂತು ನೋಡಲಿ, ಎರಡು ನಿಮಿಷದ ಕೆಲಸ. ರೀಬಿಲ್ಡ್ ಆದ ಇಂಜಿನ್‌ನಲ್ಲಿ ಏರ್ ಲಾಕ್ ಕೂಡ ಸಾಮಾನ್ಯ. ಹೀಟರಿನ ಪೈಪಿನಲ್ಲಿ ಗಾಳಿ ಉಳಿದರೆ ರೇಡಿಯೇಟರ್ ತುಂಬಿದ ಹಾಗೆ ಕಾಣುತ್ತದೆ, ಇಂಜಿನ್ ಒಳಗೆ ನೀರು ಕಡಿಮೆ. ಮೀಟರಿನ ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ಮೇಲೇಳುವುದೂ ಇಲ್ಲ. ಕಾರಿನ ಮುಂಭಾಗ ಎತ್ತಿ ನಿಲ್ಲಿಸಿ, ಹೀಟರ್ ಟ್ಯಾಪ್ ತೆರೆದು, ನಿಧಾನಕ್ಕೆ ತುಂಬಬೇಕು. 7 ಪಿಎಸ್‌ಐ ಕ್ಯಾಪ್ ಇರುವ ಹಳೆ ರೇಡಿಯೇಟರಿಗೆ 15ರ ಕ್ಯಾಪ್ ಹಾಕಿದರೆ ಕುದಿಯುವುದು ನಿಂತೀತು, ಆದರೆ ಹೀಟರೋ ಬೆಸುಗೆಯೋ ಬಿರಿದೀತು. ಬಾವಿ ನೀರು ಬೇಡ, ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಹಾಕಿ.

ಸಂಪಾದಕರಲ್ಲಿ ಕೋರಿಕೆ ಇಷ್ಟು. ಮುಂದಿನ ಸಲ ಇಂಥ ಲೇಖನ ಹಾಕುವಾಗ ಕಾರಿನ ಅಡಿಯದ್ದೂ ಒಂದು ಫೋಟೋ ಇರಲಿ. ಗುರುತಿಲ್ಲದ ರಬ್ಬರನ್ನು ಪೆಟ್ರೋಲ್ ಪೈಪೆಂದು ಮಾರುವುದರ ಬಗ್ಗೆ ನಿಮ್ಮ ವರದಿಗಾರರು ಕೇರಳ–ಕರ್ನಾಟಕ ಗಡಿಯ ಎರಡೂ ಕಡೆಯ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಲಿ. ಬೈಕು, ಆಟೋದವರೂ ಕೊಳ್ಳುವುದು ಅದೇ ಸುರುಳಿಯಿಂದ.

ಇತಿ,
ಒಬ್ಬ ಮೆಕ್ಯಾನಿಕ್ ಓದುಗ, ಬದಿಯಡ್ಕ