ಕತ್ತಲಲ್ಲಿ ಗಾಳ ಹಾಕುವ ಅಳಿಯನಿಗೆ

ಪ್ರೀತಿಯ ಸೋದರಳಿಯನಿಗೆ ಶಿವಮೊಗ್ಗದಿಂದ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಮೊನ್ನೆ ಬಂತು. ಮರವಂತೆ ಕಡಲಲ್ಲಿ ಕೊಕ್ಕರ್ ಮೀನು ಸಿಕ್ಕಿದ ಸುದ್ದಿ ಓದಿ ಖುಷಿಯಾಯಿತು. ನಿನ್ನ ಅತ್ತೆಗೂ ಓದಿ ಹೇಳಿದೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ಜಿಗ್ ಅನ್ನುವ ಲೋಹದ ಗಾಳ ಕಲ್ಲಿಗೆ ಸಿಕ್ಕಿಕೊಂಡಿತು, 350 ರೂಪಾಯಿಯ ಮಾಲು, ಸೊಂಟದ ನೀರಿಗಿಳಿದು ಬಿಡಿಸಿಕೊಂಡು ಬಂದೆ' ಅಂತ. ಅದನ್ನು ಮಾತ್ರ ಓದಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡೆ.

ಆಗ ಎಷ್ಟು ಹೊತ್ತಾಗಿತ್ತು ಅಂತ ನೀನು ಬರೆದಿಲ್ಲ. ಕೊಕ್ಕರ್ ಸಿಕ್ಕಿದ್ದು ಒಂಬತ್ತೂವರೆಗೆ ಅಂದಿದ್ದೀಯ, ಇದು ಅದಾದ ಮೇಲೆ. ಜೊತೆಗೆ ಯಾರಿದ್ದರು ಅಂತಲೂ ಬರೆದಿಲ್ಲ. ಯಾರೂ ಇರಲಿಲ್ಲ, ಅಲ್ವಾ?

ನಾನು ಗಾಳ ಬಿಟ್ಟು ಮೂವತ್ತು ವರ್ಷದ ಮೇಲಾಯಿತು. ಘಟ್ಟದ ಮೇಲೆ ಕೂತು ಕಡಲ ಬಗ್ಗೆ ಬುದ್ಧಿ ಹೇಳಲು ನನಗೂ ಒಂಥರಾ ಆಗುತ್ತದೆ. ಆದರೂ ಒಂದು ಮಾತು. ರಾತ್ರಿ ಲೋಹದ ಗಾಳ ಕಲ್ಲಿಗೆ ಸಿಕ್ಕುವುದು ನಿನ್ನ ಕೈತಪ್ಪಿನಿಂದ ಅಲ್ಲ. ಹಗಲಲ್ಲಾದರೆ ದಾರ ಬೇಗ ಬೇಗ ಸುತ್ತುತ್ತೇವೆ, ಹೊಳಪು ಕಂಡು ಮೀನು ಬೆನ್ನಟ್ಟುತ್ತದೆ. ಕತ್ತಲಲ್ಲಿ ಹೊಳಪು ಎಲ್ಲಿಂದ ಬರಬೇಕು? ನೀರಿನ ಅದುರನ್ನು ಹಿಡಿದು ಮೀನು ಹುಡುಕಿಕೊಂಡು ಬರಬೇಕು, ಅದಕ್ಕೆ ನಾವು ನಿಧಾನ ಸುತ್ತುತ್ತೇವೆ. ನಿಧಾನ ಸುತ್ತಿದರೆ ಭಾರದ ಲೋಹ ತಳಕ್ಕೆ ಹೋಗಿ ಕೂರುತ್ತದೆ. ಹಾಗಾಗಿ ರಾತ್ರಿಗೆ ಆ ಸಪೂರ ಜಿಗ್ ಬಿಟ್ಟು, ಚಮಚದ ಆಕಾರದ ಅಗಲವಾದ ಹಗುರ ಸ್ಪೂನ್ ಗಾಳ ಹಾಕಿ ನೋಡು. ಮೆಲ್ಲಗೆ ಮುಳುಗುತ್ತದೆ. ಮೂರು ಮುಳ್ಳಿನ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿದರೆ ಕಲ್ಲಿಗೂ ಸಿಕ್ಕುವುದು ಕಡಿಮೆ, ನಿನ್ನ ಬೆರಳಿಗೂ ಕಡಿಮೆ. ಇದೆಲ್ಲ ನಿನಗೆ ಗೊತ್ತಿರಬಹುದು. ಈಗ ಮೊಬೈಲಿನಲ್ಲಿ ಎಲ್ಲ ತೋರಿಸುತ್ತಾರಂತೆ.

ನಮ್ಮ ಕಾಲದಲ್ಲಿ ಜಿಗ್ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನನ್ನದು ಅಮ್ಮನ ಹಿತ್ತಾಳೆ ಚಮಚ. ಹಿಡಿ ಕತ್ತರಿಸಿ, ಎರಡೂ ತುದಿಗೆ ತೂತು ಹೊಡೆದು, ಗುಳಿಯಲ್ಲಿ ಸ್ವಲ್ಪ ಸೀಸ ಕರಗಿಸಿ ಹೊಯ್ದಿದ್ದೆ. ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದೆ. ಅಮ್ಮ ಆ ಚಮಚ ಹುಡುಕುತ್ತಲೇ ಇದ್ದಳು, ಪಾಪ.

ನಿನ್ನ ಚಿಕ್ಕ ಮಾವನ ಕಾಲಿನ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ. ಅದಕ್ಕೆ ಒಂದು ವಾರ ಹಿಂದಿನದು ಯಾರಿಗೂ ಗೊತ್ತಿಲ್ಲ.

1986ರ ಡಿಸೆಂಬರ್. ನಡುರಾತ್ರಿ ದಾಟಿತ್ತು. ಆ ತಿಂಗಳುಗಳಲ್ಲಿ ರಾತ್ರಿ ಗಾಳಿ ದಡದಿಂದ ಕಡಲಿಗೆ ತಿರುಗುತ್ತದಲ್ಲ, ಬೆನ್ನಿಗೆ ಗಾಳಿ, ಚಮಚ ಎಲ್ಲೋ ದೂರ ಹೋಗಿ ಬೀಳುತ್ತಿತ್ತು. ಒಂದು ಸಲ ಎಳೆಯುತ್ತ ಎಳೆಯುತ್ತ ಹತ್ತಿರ ಬಂದು ಕಲ್ಲಿಗೆ ಸಿಕ್ಕಿತು. ಟಾರ್ಚು ತಮ್ಮನ ಕೈಗೆ ಕೊಟ್ಟು ಇಳಿದೆ. ಗಾಳದ ದಾರ, ತಂಗೂಸು ಹಿಡಿದುಕೊಂಡು ಹೋದೆ, ಬಗ್ಗಿ ಬಿಡಿಸಿಕೊಂಡೆ, ಚಮಚ ಕೈಗೆ ಬಂತು. ಅಷ್ಟರಲ್ಲಿ ಒಂದು ತೆರೆ ಎತ್ತಿ ಮಗುಚಿ ಹಾಕಿತು. ಎದ್ದು ನಿಂತರೆ ಎದೆಮಟ್ಟ ನೀರು. ತಂಗೂಸು ತುಂಡಾಗಿತ್ತು. ದಡ ಯಾವ ಕಡೆ ಅಂತ ಗೊತ್ತಾಗಲಿಲ್ಲ. ನೀನು ನಂಬುವುದಿಲ್ಲ. ಮೊರೆತ ನಾಲ್ಕೂ ಕಡೆಯಿಂದ ಒಂದೇ ಥರ ಕೇಳುತ್ತದೆ. ಟಾರ್ಚು ಕಾಣಲಿಲ್ಲ. ತಮ್ಮನನ್ನು ಕೂಗಿದೆ. ಗಾಳಿ ನನ್ನ ಕೂಗನ್ನು ಕಡಲಿಗೇ ಒಯ್ಯಿತು. ಅಂದಾಜಿನ ಮೇಲೆ ನಾಲ್ಕು ಹೆಜ್ಜೆ ಇಟ್ಟೆ, ನೀರು ಗಂಟಲಿಗೆ ಬಂತು. ಆಗ ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಅದರ ದೀಪ ನನ್ನ ಬೆನ್ನ ಹಿಂದೆ ಹಾದುಹೋಯಿತು, ಅಳಿಯಾ. ನಾನು ಕಡಲ ಕಡೆಗೆ ನಡೆಯುತ್ತಿದ್ದೆ.

ಅಲ್ಲಿ ರಸ್ತೆ ಕಡಲಿಗೆ ಅಷ್ಟು ಹತ್ತಿರ ಇರುವುದಕ್ಕೆ, ಆ ಡ್ರೈವರ್ ಆ ಹೊತ್ತಿಗೆ ಬಂದಿದ್ದಕ್ಕೆ ಉಳಿದೆ.

ದಡಕ್ಕೆ ಬಂದಾಗ ತಮ್ಮ ಕೇಳಿದ, 'ಎಷ್ಟು ನೀರಿತ್ತು?' ಮೈ ಗಡಗಡ ನಡುಗುತ್ತಿತ್ತು. ಚಳಿ ಅಂದೆ. 'ಏನಿಲ್ಲ ಮಾರಾಯ, ಸೊಂಟದಷ್ಟು' ಅಂದೆ. ಹದಿನೇಳು ವರ್ಷದ ಹುಡುಗ. ಅಣ್ಣ ಹೇಳಿದ್ದನ್ನು ನಂಬಿದ. ಮುಂದಿನ ವಾರ ನಾನು ಕುಂದಾಪುರಕ್ಕೆ ಹೋಗಿದ್ದೆ, ಅವನು ಒಬ್ಬನೇ ಅದೇ ಚಮಚ ತೆಗೆದುಕೊಂಡು ಹೋದ.

ಅವನು ಇವತ್ತಿಗೂ ನನ್ನನ್ನು ಒಂದು ಮಾತು ಕೇಳಿಲ್ಲ. ನಾನೂ ಹೇಳಿಲ್ಲ. ಮದುವೆ ಮುಂಜಿಗಳಲ್ಲಿ ಅವನು ಮೆಟ್ಟಿಲು ಹತ್ತುವಾಗ ನಾನು ಬೇರೆ ಕಡೆ ನೋಡುತ್ತೇನೆ.

ನಿನ್ನ ಪತ್ರದಲ್ಲೂ 'ಸೊಂಟದ ನೀರು' ಅಂತಲೇ ಇದೆ. ಅದಕ್ಕೇ ಕೇಳುತ್ತಿದ್ದೇನೆ. ನಿಜವಾಗಿ ಎಷ್ಟಿತ್ತು? ನಿನ್ನ ಅಮ್ಮನಿಗೆ ಬೇಡ, ನನಗೆ ಬರಿ.

ಹುಣ್ಣಿಮೆಗೆ ಮತ್ತೆ ಹೋಗುತ್ತೇನೆ ಅಂದಿದ್ದೀಯ. ಬೆಳದಿಂಗಳಲ್ಲಿ ಲೋಹ ಸ್ವಲ್ಪ ಹೊಳೆಯುತ್ತದೆ, ನಿಜ. ಆದರೆ ಉಬ್ಬರ ಇಳಿತ ಜಾಸ್ತಿ ಇರುವುದೂ ಹುಣ್ಣಿಮೆ ಅಮಾವಾಸ್ಯೆಗೇ. ಇಳಿತಕ್ಕೆ ನೀರು ಹಿಂದೆ ಎಳೆಯುವಾಗ ಕಾಲಡಿಯ ಮರಳೂ ಹೋಗುತ್ತದೆ. ಹಗಲಲ್ಲಿ ನೀರು ಇಳಿದಾಗ ಒಮ್ಮೆ ಹೋಗಿ ಕಲ್ಲು ಎಲ್ಲೆಲ್ಲಿದೆ ನೋಡಿಕೊಂಡು ಬಾ. ರಾತ್ರಿ ಬರೀ ಮರಳಿರುವ ಕಡೆ ಹಾಕು. ಬೆಳಕು ಕುಡಿದು ಕತ್ತಲಲ್ಲಿ ಹೊಳೆಯುವ ಬಣ್ಣದ ಜಿಗ್ಗಿಗೆ ಟಾರ್ಚು ಹಿಡಿಯುವಾಗ ಕಡಲಿಗೆ ಬೆನ್ನು ಹಾಕಬೇಡ. ಪಾಂಬೋಳ್ ಮೀನು ಸಿಕ್ಕರೆ ಬಾಯಿಗೆ ಬೆರಳು ಹಾಕಬೇಡ, ಅದರ ಹಲ್ಲು ನೋಡಿದ್ದೀಯಲ್ಲ.

ಕಲ್ಲಿಗೆ ಸಿಕ್ಕಿತು ಅಂದರೆ ರಾಡನ್ನು ದಾರದ ನೇರಕ್ಕೆ ಹಿಡಿದು, ದಾರವನ್ನು ಒಂದು ಕೋಲಿಗೆ ನಾಲ್ಕು ಸುತ್ತು ಸುತ್ತಿ, ಮುಖ ತಿರುಗಿಸಿಕೊಂಡು ಹಿಂದಕ್ಕೆ ನಡೆ. ಕೈಗೆ ಸುತ್ತಬೇಡ, ಈಗಿನ ಹೆಣೆದ ದಾರ ಬೆರಳನ್ನೇ ಕೊಯ್ಯುತ್ತದೆ. ತುಂಡಾಗುತ್ತದೆ, ಆಗಲಿ. ಜಾಸ್ತಿ ಹೇಳಿದೆ ಅನಿಸಿದರೆ ಬೇಜಾರು ಮಾಡಿಕೊಳ್ಳಬೇಡ. ವಯಸ್ಸಾಯಿತು ನೋಡು, ರಾತ್ರಿ ನಿದ್ದೆ ಬರುವುದಿಲ್ಲ.

ತಿಂಗಳಿಗೆ ಎಷ್ಟು ಜಿಗ್ ಕಡಲಿಗೆ ಹೋಯಿತು ಅಂತ ಲೆಕ್ಕ ಇಟ್ಟು ಬರಿ. ಹತ್ತಾದರೂ ಸರಿ. ದುಡ್ಡು ನಾನು ಕಳಿಸುತ್ತೇನೆ.

ಇಂತಿ ನಿನ್ನ
ದೊಡ್ಡ ಮಾವ